ಕಾಲುಸಂಕಕ್ಕೆ ಹೈಕೋರ್ಟಿಗೆ ಹೋಗ್ಬೇಕಾ, ಗ್ರಾಮಸಭೆಲೇ ಆಗ್ತದಾ? ಗೊತ್ತಿದ್ದೋರು ಹೇಳಿ

ಹಳ್ಳದಾಚೆಮನೆ
ಎಲ್ರಿಗೂ ನಮಸ್ಕಾರ. ನಮ್ದು ಶರಾವತಿ ಹಿನ್ನೀರಿನ ಕಡೆ ಒಂದು ಸಣ್ಣ ಊರು, ಪಂಚಾಯ್ತಿ ಹೆಸರು ಹೇಳಕ್ಕೆ ಹೋಗಲ್ಲ. 34 ಮನೆ. ಊರಿಗೂ ಟಾರ್ ರೋಡಿಗೂ ಮಧ್ಯ ಒಂದು ಹಳ್ಳ. ಪ್ರತಿ ವರ್ಷ ಮೇ ತಿಂಗಳಲ್ಲಿ ನಾವೇ ಸೇರಿ ಅಡಿಕೆ ಮರ ಹಾಕಿ ಮೇಲೆ ದಬ್ಬೆ ಹೊಡೆದು ಕೈ ಹಿಡಿಯಕ್ಕೆ ಒಂದು ಬಿದಿರು ಗಳ ಕಟ್ಟಿ ಸಂಕ ಮಾಡ್ಕೊತೀವಿ. ಹೋದ ವರ್ಷ ಜುಲೈಲಿ ಪೂರ್ತಿ ಕೊಚ್ಕೊಂಡು ಹೋಯ್ತು, 11 ಮಕ್ಕಳು ಹೆಚ್ಚುಕಮ್ಮಿ ಒಂದೂವರೆ ತಿಂಗಳು ಶಾಲೆಗೆ ಹೋಗ್ಲಿಲ್ಲ, ಪಕ್ಕದ ಮನೆ ಅಜ್ಜಿಗೆ ಉಸಿರು ಕಟ್ಟಿದಾಗ ಕುರ್ಚಿಗೆ ಕಟ್ಟಿ ನಾಲ್ಕು ಜನ ಹೊತ್ಕೊಂಡು ಎದೆಮಟ್ಟ ನೀರಲ್ಲಿ ದಾಟಿಸಿದ್ವಿ.

ಪಂಚಾಯ್ತಿಲಿ ಕೇಳಿದ್ರೆ ಜಾಗ ಫಾರೆಸ್ಟು, ನಾವು ಕ್ರಿಯಾ ಯೋಜನೆಗೆ ಹಾಕಕ್ಕೆ ಬರಲ್ಲ ಅಂತಾರೆ. ಫಾರೆಸ್ಟಲ್ಲಿ ಕೇಳಿದ್ರೆ ಪಂಚಾಯ್ತಿಯಿಂದ ಅರ್ಜಿನೇ ಬಂದಿಲ್ಲ ಅಂತಾರೆ. ಐದು ವರ್ಷದಿಂದ ಇದೇ. ಶಿವಮೊಗ್ಗದಲ್ಲಿ ಒಬ್ಬ ವಕೀಲರು ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಿ, ಬದುಕುವ ಹಕ್ಕು ಅಂತ ಆಗ್ತದೆ ಅಂದ್ರು. ಊರಲ್ಲಿ ದುಡ್ಡು ಎತ್ತೋಣ ಅಂತ ಮಾತಾಗಿದೆ. ಅದಕ್ಕೆ ಮೊದ್ಲು ಇಲ್ಲಿ ಕೇಳೋಣ ಅನ್ನಿಸ್ತು. ಕೋರ್ಟು ಬಿಟ್ಟು ಬೇರೆ ದಾರಿ ಇದ್ಯಾ?

ಗಾಜನೂರು ಗಾಳಿ
ಪಿಐಎಲ್ ಹಾಕಿ. ಕೋರ್ಟು ಬೈದ್ರೆ ಮಾತ್ರ ಇವ್ರೆಲ್ಲ ಏಳದು.

ತುಂಗಾತೀರ
ಶಾಸಕರ ಹತ್ರ ಹೋಗಿದ್ರಾ?

ಹಳ್ಳದಾಚೆಮನೆ
ಮೂರು ಸಲ. ಮೂರು ಶಿಫಾರಸು ಪತ್ರ ಇದೆ ಮನೇಲಿ.

ಕಾನೂನು ಕಲಿಯೋಳು
ನಾನು ಎಲ್ಎಲ್‌ಬಿ ಕೊನೇ ವರ್ಷ, ಊರು ತೀರ್ಥಹಳ್ಳಿ. ಕೋರ್ಟನ್ನ ಪೂರ್ತಿ ಬಿಡಿ ಅಂತ ಯಾರೂ ಹೇಳಬೇಡಿ ದಯವಿಟ್ಟು. ಕೂಲಿ, ಆರೋಗ್ಯ, ಪೌಷ್ಟಿಕ ಆಹಾರ ಇದೆಲ್ಲ ನಮ್ಮ ಸಂವಿಧಾನದ ನಾಲ್ಕನೇ ಭಾಗದಲ್ಲಿ, ರಾಜ್ಯ ನಿರ್ದೇಶಕ ತತ್ವಗಳಲ್ಲಿ ಇದೆ, 37ನೇ ವಿಧಿ ಪ್ರಕಾರ ಇವನ್ನ ನೇರವಾಗಿ ಕೋರ್ಟಲ್ಲಿ ಜಾರಿ ಮಾಡಿಸೋಕೆ ಬರಲ್ಲ. ಬರಲ್ಲ ಅಂತಿದ್ದನ್ನೇ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ತಂದು ಕೂರಿಸಿದ್ದು ಸುಪ್ರೀಂ ಕೋರ್ಟು. ಇವತ್ತು ಶಾಲೇಲಿ ಮಕ್ಕಳಿಗೆ ಬಿಸಿಯೂಟ ಸಿಗ್ತಿದ್ರೆ ಅದರ ಹಿಂದೆ 2001ರ ನವೆಂಬರ್ 28ರ ಆದೇಶ ಇದೆ, ಬೇಯಿಸಿದ ಊಟನೇ ಕೊಡಬೇಕು ಅಂತ.

ಆದ್ರೆ ಇನ್ನೊಂದು ಮಾತೂ ಹೇಳ್ಬೇಕು. ದಕ್ಷಿಣ ಆಫ್ರಿಕಾದ ಸಂವಿಧಾನದಲ್ಲಿ ವಸತಿ ಹಕ್ಕು ನೇರವಾಗಿ ಬರೆದಿದೆ, ಕೋರ್ಟಲ್ಲಿ ಕೇಳಬಹುದು. ಐರೀನ್ ಗ್ರೂಟ್‌ಬೂಮ್ ಅನ್ನೋ ಹೆಂಗಸು ಕೇಳಿದ್ಲು, 2000ದಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟಲ್ಲಿ ಗೆದ್ಲು, ಪ್ರಪಂಚದ ಎಷ್ಟೋ ಲಾ ಕಾಲೇಜಲ್ಲಿ ಆ ತೀರ್ಪು ಓದಿಸ್ತಾರೆ. 2008ರಲ್ಲಿ ಆಕೆ ತೀರ್ಕೊಂಡಾಗ ಇನ್ನೂ ಸ್ವಂತ ಮನೆ ಆಗಿರ್ಲಿಲ್ಲ. ಇದನ್ನ ಕ್ಲಾಸಲ್ಲಿ ಕೇಳಿದ ದಿನ ನಂಗೆ ಊಟ ಸೇರ್ಲಿಲ್ಲ.

ಅಡಿಕೆ ಸಿಪ್ಪೆ
ಇದು ಸತ್ಯ. ನಮ್ಮಲ್ಲೂ ಜಮೀನು ಕೇಸು ಗೆದ್ದು 9 ವರ್ಷ ಆಯ್ತು, ಪಹಣಿ ಇನ್ನೂ ಬದಲಾಗಿಲ್ಲ.

ನಿವೃತ್ತ ಕಾರ್ಯದರ್ಶಿ
ಪಂಚಾಯ್ತಿ ಕೆಲಸದಲ್ಲಿ 31 ವರ್ಷ ಇದ್ದವನು ನಾನು. ನಿಮ್ಮ ವಿಷಯಕ್ಕೆ ನೇರವಾಗಿ ಕಾನೂನೇ ಇದೆ, ಯಾರೂ ನಿಮಗೆ ಹೇಳಿಲ್ಲ ಅಷ್ಟೆ. ಅರಣ್ಯ ಹಕ್ಕು ಕಾಯ್ದೆ 2006, ಅದರ ಸೆಕ್ಷನ್ 3(2). ಎಲ್ಲರೂ ಆ ಕಾಯ್ದೆ ಅಂದ್ರೆ ಸಾಗುವಳಿ ಜಮೀನಿಗೆ ಮಾತ್ರ ಅಂದ್ಕೊಂಡಿದಾರೆ. ಕಾಡಲ್ಲಿ, ಕಾಡಂಚಲ್ಲಿ ಇರೋ ಊರುಗಳಿಗೆ ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯೋ ನೀರಿನ ಪೈಪು, ಕರೆಂಟ್ ಲೈನು, ರಸ್ತೆ, ಸಮುದಾಯ ಭವನ, ಹೀಗೆ 13 ಥರದ ಸೌಲಭ್ಯಕ್ಕೆ ಅರಣ್ಯ ಭೂಮಿ ಕೊಡಬಹುದು ಅಂತ ಅದರಲ್ಲಿ ಇದೆ. ಶರತ್ತು ಏನು ಅಂದ್ರೆ ಒಂದೊಂದು ಕಡೆ ಒಂದು ಹೆಕ್ಟೇರಿಗಿಂತ ಕಮ್ಮಿ ಇರಬೇಕು, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯಂಗಿಲ್ಲ, ಮತ್ತೆ ಮುಖ್ಯವಾಗಿ ಗ್ರಾಮಸಭೆ ಶಿಫಾರಸು ಮಾಡಬೇಕು. ಇದಕ್ಕೆ ದೆಹಲಿಗೆ ಫೈಲ್ ಹೋಗಬೇಕಾಗಿಲ್ಲ. ರೇಂಜರ್ ಬಂದು ಸ್ಥಳ ನೋಡ್ತಾರೆ, ಡಿಎಫ್ಓ (ವಿಭಾಗದ ಅರಣ್ಯಾಧಿಕಾರಿ) ತೀರ್ಮಾನ ಮಾಡ್ತಾರೆ, ಅವರು ಒಪ್ಪಲಿಲ್ಲ ಅಂದ್ರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಮುಂದೆ ಬರ್ತದೆ. ಕಾಲುಸಂಕ ಅಂದ್ರೆ ರಸ್ತೆಯ ಭಾಗನೇ ಅಂತ ಠರಾವಿನಲ್ಲಿ ಸ್ಪಷ್ಟ ಬರೀರಿ, ಕೂಡುರಸ್ತೆ ಸಮೇತ ಅಂತ ಸೇರಿಸಿ.

ಒಂದು ಎಚ್ಚರಿಕೆ. ಇಲ್ಲಿ ಗ್ರಾಮಸಭೆ ಅಂದ್ರೆ ಪಂಚಾಯ್ತಿ ಮಟ್ಟದ ಸಭೆ ಅಲ್ಲ, ನಿಮ್ಮ ಊರಿನ ವಯಸ್ಕರೆಲ್ಲ ಕೂತ ಸಭೆ. ಕೋರಂ ಮೂರನೇ ಎರಡು ಭಾಗ. ಎಷ್ಟೋ ಅರ್ಜಿ ಬಿದ್ದುಹೋಗದು ಇಲ್ಲೇ.

ಸೊಪ್ಪಿನಬೆಟ್ಟ
ಸಾರ್ ಒಂದು ತಿದ್ದುಪಡಿ. ಮೂರನೇ ಎರಡು ಇದ್ದಿದ್ದು 2008ರ ನಿಯಮದಲ್ಲಿ. 2012ರಲ್ಲಿ ಅದನ್ನ ಅರ್ಧಕ್ಕೆ ಇಳಿಸಿದ್ರು. ಆದ್ರೆ ಬಂದಿರೋರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು.

ನಿವೃತ್ತ ಕಾರ್ಯದರ್ಶಿ
ಹೌದು, ಸರಿ. ನಾನು ಹಳೇ ನಿಯಮದ ನೆನಪಲ್ಲಿ ಬರೆದೆ. ಧನ್ಯವಾದ.

ಗಾಜನೂರು ಗಾಳಿ
ಠರಾವು ಮಾಡಿ ಮಾಡಿ ನಡಾವಳಿ ಪುಸ್ತಕ ತುಂಬ್ತದೆ ಅಷ್ಟೆ ಸಾರ್. ನಮ್ಮೂರಲ್ಲಿ ಒಂದೇ ಕೆರೆ ಹೂಳಿಗೆ ಆರು ಠರಾವು ಆಗಿದೆ. ಗ್ರಾಮಸಭೆ ಅಂದ್ರೆ ಎಂತ, ನೋಡಲ್ ಅಧಿಕಾರಿ ಬರ್ತಾರೆ, ಸ್ವಾಗತ ಭಾಷಣ, ಫಲಾನುಭವಿ ಪಟ್ಟಿ ಓದದು, ಟೀ ಬಿಸ್ಕತ್ತು, ಫೋಟೋ.

ಸೊಪ್ಪಿನಬೆಟ್ಟ
ಠರಾವು ಆದ್ಮೇಲೆ ನೀವು ಎಂತ ಮಾಡಿದ್ರಿ ಅದು ಹೇಳಿ. ದೃಢೀಕೃತ ನಕಲು ತಗೊಂಡ್ರಾ? ಟಪಾಲಲ್ಲಿ ಕೊಟ್ಟು ಸೀಲು ಹಾಕ್ಸಿದ್ರಾ? ಹಿಂಬರಹ ಕೇಳಿದ್ರಾ?

ಗಾಜನೂರು ಗಾಳಿ
ಇಲ್ಲ.

ಸೊಪ್ಪಿನಬೆಟ್ಟ
ಅಲ್ಲೇ ಇರದು ವಿಷಯ. ಬಾಯಲ್ಲಿ ಆಗಲ್ಲ ಅನ್ನೋರು ಅದನ್ನೇ ಕಾಗದದಲ್ಲಿ ಬರೆದು ಸಹಿ ಮಾಡಿ ಕೊಡಿ ಅಂದ್ರೆ ಕೈ ಹಿಂದೆ ತಗೋತಾರೆ. ಯಾಕೆ ಆಗಲ್ಲ ಅನ್ನದು ಬರವಣಿಗೇಲಿ ಬಂತು ಅಂದ್ರೆ ಮೇಲಿನವರ ಹತ್ರ ಹೋಗಕ್ಕೆ ನಮಗೊಂದು ಹಿಡಿತ ಸಿಕ್ಕಂಗೆ. ಪಂಚಾಯ್ತಿ ಲೆಕ್ಕ ನೋಡಬೇಕು ಅಂದ್ರೆ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಜಮಾಬಂದಿ ಆಗ್ತದೆ, ಜನ ಹೋಗಲ್ಲ. ಇಲ್ಲಾಂದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕೇಳಿ, ಬಿಪಿಎಲ್ ಆದ್ರೆ ಅದೂ ಬೇಡ, 30 ದಿನದಲ್ಲಿ ಉತ್ತರ ಕೊಡಬೇಕು. ಬರೀ ಕಾಗದ ಅಲ್ಲ, ಹೋಗಿ ಕಾಮಗಾರಿನೇ ಕಣ್ಣಾರೆ ನೋಡಕ್ಕೂ ಅದೇ ಕಾಯ್ದೇಲಿ ಅವಕಾಶ ಇದೆ.

ಕಾಯಕಬಂಧು ಅಕ್ಕ
ನಾನು ನರೇಗಾ ಕೆಲಸದಲ್ಲಿ ಕಾಯಕ ಬಂಧು, ಅಂದ್ರೆ ಕೂಲಿ ಗುಂಪಿನ ಮೇಟಿ ಆಗಿದ್ದೆ. ಗ್ರಾಮಸಭೆ ಬರೀ ಫೋಟೋ ಅಂದ್ರಲ್ಲ ಅಣ್ಣ, ಒಂದು ಸಲ ಹಂಗೆ ಆಗ್ಲಿಲ್ಲ, ಅದು ಹೇಳ್ತೀನಿ.

ಇಂಗುಗುಂಡಿ ತೆಗೆದಿದ್ವಿ ಗುಡ್ಡದ ಮೇಲೆ. ನಾವು ಎಂಟು ಜನ ಹೆಣ್ಮಕ್ಕಳಿಗೆ 12 ದಿನದ ಕೂಲಿ ಬರ್ಲೇ ಇಲ್ಲ. ಕೇಳಿದ್ರೆ ಹಾಜರಾತಿಲಿ ನಿಮ್ಮ ಹೆಸರಿಲ್ಲ ಅಂದ್ರು. ಕೋರ್ಟಿಗೆ ಹೋಗದು ದೂರದ ಮಾತು, ತಾಲ್ಲೂಕು ಆಫೀಸಿಗೆ ಹೋಗ್ಬೇಕು ಅಂದ್ರೂ ಒಂದು ದಿನದ ಕೂಲಿ ಹೋಗ್ತದೆ ಬಸ್ ಚಾರ್ಜು ಬೇರೆ. ಆ ವರ್ಷ ಸಾಮಾಜಿಕ ಪರಿಶೋಧನೆಗೆ ಬಂದ ಹುಡುಗಿ ಇದ್ಲಲ್ಲ, ಹಾಜರಾತಿ ಪಟ್ಟಿನ ಸಭೆಲಿ ಮೈಕಲ್ಲಿ ಒಂದೊಂದೇ ಹೆಸರು ಗಟ್ಟಿಯಾಗಿ ಓದಿದ್ಲು. ಅದರಲ್ಲಿ ಮದುವೆ ಆಗಿ ನಾಲ್ಕು ವರ್ಷದ ಹಿಂದೆ ದಾವಣಗೆರೆಗೆ ಹೋದೋಳ ಹೆಸರಿತ್ತು. ಅವಳ ಅಮ್ಮ ಅಲ್ಲೇ ಕೂತಿದ್ರು, ಎದ್ದು ನಿಂತು ನನ್ ಮಗಳು ಯಾವಾಗ ಬಂದು ಗುಂಡಿ ತೆಗೆದ್ಲು ಅಂತ ಕೇಳಿದ್ರು. ಇಡೀ ಸಭೆ ಸುಮ್ನಾಯ್ತು. ಆ ಅಮ್ಮ ಅಲ್ಲಿ ತನಕ ಯಾವ ಸಭೆಲೂ ಬಾಯಿ ಬಿಟ್ಟಿದ್ದು ನಾನು ನೋಡಿರ್ಲಿಲ್ಲ. ಅದಾದ್ಮೇಲೆ ಒಬ್ಬೊಬ್ರೇ ಎದ್ರು. ಎರಡು ತಿಂಗಳಿಗೆ ನಮ್ಮ ಎಂಟೂ ಜನರ ದುಡ್ಡು ಖಾತೆಗೆ ಬಂತು. ದುಡ್ಡಿಗಿಂತ, ಹೆಸರು ಓದಿದಾಗ ಎಲ್ರೂ ಕೇಳಿದ್ರಲ್ಲ, ನಾವು ಸುಳ್ಳು ಹೇಳ್ತಿಲ್ಲ ಅಂತ ಊರಿಗೆ ಗೊತ್ತಾಯ್ತಲ್ಲ ಅದು ದೊಡ್ಡದು ನಂಗೆ.

ಕಾನೂನು ಕಲಿಯೋಳು
ಅಕ್ಕ ಇದು ಓದಿ ಕಣ್ಣು ತುಂಬ್ತು. ಪಟ್ಟಿ ಗಟ್ಟಿಯಾಗಿ ಓದೋ ಈ ಪದ್ಧತಿ ಶುರುವಾಗಿದ್ದು ರಾಜಸ್ಥಾನದ ಹಳ್ಳಿಗಳಲ್ಲಿ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಲ್ಲಿ ಕೋಟ್‌ಕಿರಾಣ ಅನ್ನೋ ಊರಲ್ಲಿ ಮೊದಲ ಜನಸುನವಾಯಿ, ಅಂದ್ರೆ ಜನರ ಮುಂದೆ ವಿಚಾರಣೆ ಮಾಡಿದ್ರು. ಕೂಲಿ ಪಟ್ಟಿ, ಬಿಲ್ಲು ಎಲ್ಲ ಜನರ ಮುಂದೆ ಓದಿದ್ರು. ಲೆಕ್ಕ ನೋಡೋ ಹಕ್ಕು ಬೇಕು ಅಂತ 1996ರಲ್ಲಿ ಬ್ಯಾವರ್ ಪೇಟೇಲಿ 40 ದಿನ ಧರಣಿ ಕೂತ್ರು. 2005ರ ಮಾಹಿತಿ ಹಕ್ಕು ಕಾಯ್ದೆ, ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆ, ಅದರ 17ನೇ ಸೆಕ್ಷನ್ನಿನ ಸಾಮಾಜಿಕ ಪರಿಶೋಧನೆ, ಇವೆಲ್ಲದರ ಬೇರು ಅಲ್ಲಿದೆ. ಕೂಲಿ ಮಾಡೋರು ಕೇಳಿ ಕೇಳಿ ಬಂದ ಕಾನೂನು ಅದು.

ಮಳೆಕಾಡು
ಸ್ವಲ್ಪ ಬೇರೆ ವಿಷಯ, ಈ ವರ್ಷ ಎಲೆಚುಕ್ಕಿ ಯಾರ ತೋಟದಲ್ಲಿ ಕಮ್ಮಿ ಆಗಿದೆ? ಬೋರ್ಡೋ ಮೂರು ಸಲ ಹೊಡೆದ್ರೂ ನಿಲ್ತಾ ಇಲ್ಲ.

ಅಡಿಕೆ ಸಿಪ್ಪೆ
ಇಲ್ಲೂ ಅದೇ ಕತೆ ಮಾರಾಯ್ರೆ. ಉದುರಿದ ಸೋಗೆ ಆರಿಸಿ ಸುಡಿ, ತೋಟದಲ್ಲೇ ಬಿಡ್ಬೇಡಿ. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಸಂಕದ ವಿಷಯ ನಡೀಲಿ.

ಸಾಗರದಜ್ಜ
ಮೊಮ್ಮಗ ಟೈಪ್ ಮಾಡ್ತಾ ಇದಾನೆ, ನಾನು ಹೇಳ್ತಾ ಇದೀನಿ. ಕೋರ್ಟು ಬಿಟ್ಟು ಹಕ್ಕು ತಗೋಳದು ಅಂದ್ರೆ ನಮ್ಮ ಸೀಮೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1951ರ ಏಪ್ರಿಲ್, ಸಾಗರ ತಾಲ್ಲೂಕಿನ ಕಾಗೋಡು. ಜಗಳ ಶುರುವಾಗಿದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯೋ ಕೊಳಗ ಒಡೆಯರದ್ದು, ಅದು ಸರ್ಕಾರಿ ಅಳತೆಗಿಂತ ದೊಡ್ಡದು. ದೀವರ ಸಮುದಾಯದ ಗೇಣಿದಾರರು ಸರ್ಕಾರಿ ಕೊಳಗದಲ್ಲೇ ಅಳೀತೀವಿ ಅಂದ್ರು. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ರು, ಸಮಾಜವಾದಿಗಳು ಬಂದ್ರು, ಶಾಂತವೇರಿ ಗೋಪಾಲಗೌಡರು ಬಂದ್ರು, ಜೂನ್‌ನಲ್ಲಿ ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು. ಉಳೋ ಗದ್ದೆಗೆ ಇಳಿದು ಜನ ಜೈಲಿಗೆ ಹೋದ್ರು. ಆಗ ನಾನು ತೀರಾ ಚಿಕ್ಕವನು, ನಮ್ಮಪ್ಪ ಹೇಳಿದ್ದು ಕೇಳಿ ಬೆಳೆದವನು.

ತುಂಗಾತೀರ
ಅದರಿಂದಲೇ ಅಲ್ವಾ ಅಜ್ಜ ಗೇಣಿದಾರರಿಗೆ ಭೂಮಿ ಸಿಕ್ಕಿದ್ದು.

ಸಾಗರದಜ್ಜ
ಅಷ್ಟು ಸಲೀಸಾಗಿ ಹೇಳ್ಬೇಡ ತಮ್ಮ. ತಕ್ಷಣಕ್ಕೆ ಏನೂ ಸಿಗಲಿಲ್ಲ, ಇದ್ದ ಗದ್ದೆನೂ ಬಿಡಿಸ್ಕೊಂಡವರಿದ್ರು. 1952ರ ಎಲೆಕ್ಷನ್ನಲ್ಲಿ ಗೋಪಾಲಗೌಡರನ್ನ ವಿಧಾನಸಭೆಗೆ ಕಳಿಸಿದ್ವಿ, ಅವರು ಅಲ್ಲಿ ನಮ್ಮ ಮಾತು ಆಡಿದ್ರು. ಗೇಣಿ ಪದ್ಧತಿನೇ ಹೋಗಿದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರು ತಂದ ತಿದ್ದುಪಡಿಲಿ. 23 ವರ್ಷ. ನಮ್ಮಪ್ಪ ಉಳೋ ಗದ್ದೆ ನಮಗೆ ಕೊಡಿ ಅಂತ ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿದ್ದು ನಂಗೆ ಚೆನ್ನಾಗಿ ನೆನಪಿದೆ, ಹೆಬ್ಬೆಟ್ಟು ಒತ್ತಿ ಆ ಬೆರಳಿನ ಶಾಯಿ ಎರಡು ದಿನ ತೊಳೀಲಿಲ್ಲ.

ಕಾನೂನು ಕಲಿಯೋಳು
ಅಜ್ಜ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಈಗಿನವರಿಗೆ ಗೊತ್ತಿರಲ್ಲ. ಆ ಡಿಕ್ಲರೇಷನ್ ವಿಚಾರಣೆ ಮಾಡ್ತಿದ್ದ ಭೂ ನ್ಯಾಯಮಂಡಳಿ ಮುಂದೆ ವಕೀಲರು ವಾದ ಮಾಡೋ ಹಂಗಿಲ್ಲ ಅಂತ ಕಾನೂನಲ್ಲೇ ಬರೆದಿತ್ತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು, ಅದರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಒಬ್ಬರಾದರೂ ಇರಬೇಕು. ಯಾರು ಉಳ್ತಿದ್ರು ಅಂತ ಊರಿನವರನ್ನೇ ಕೇಳಿ ತೀರ್ಮಾನ. ಸಿವಿಲ್ ಕೋರ್ಟಿಗೆ ಆ ವಿಷಯ ಹೋಗೋ ಹಂಗಿರ್ಲಿಲ್ಲ. ಹೋಗಿದ್ರೆ ಹಣ ಇದ್ದವರ ವಕೀಲರ ಮುಂದೆ ಗೇಣಿದಾರ ಏನು ಮಾಡ್ತಿದ್ದ?

ಬಾಳೆಬರೆ ಬಸ್ಸು
ನ್ಯಾಯಮಂಡಳಿ ಎಲ್ಲ ಕಡೆ ಸರಿಯಾಗಿ ನಡೀತು ಅಂತಲ್ಲ. ಸದಸ್ಯರಾಗಿದ್ದೋರು ಯಾರ ಕಡೆಯವರು ಅನ್ನೋದ್ರ ಮೇಲೆ ಇತ್ತು. ಗದ್ದೇಲಿ ಕೂಲಿ ಮಾತ್ರ ಮಾಡ್ತಿದ್ದ ದಲಿತರಿಗೆ ಗೇಣಿ ಚೀಟಿನೂ ಇರ್ಲಿಲ್ಲ, ಭೂಮಿನೂ ಸಿಗ್ಲಿಲ್ಲ. ನಮ್ಮಜ್ಜಿ ಮನೆ ಕಡೆ ಹಂಗೇ ಆಯ್ತು. ಇದನ್ನ ಬಿಟ್ಟು ಕಾಗೋಡಿನ ಕತೆ ಹೇಳಬಾರದು.

ಸಾಗರದಜ್ಜ
ನೀವು ಹೇಳಿದ್ದು ಸರಿ. ಆ ಕೊರತೆ ನಮ್ಮ ಹೋರಾಟದಲ್ಲಿತ್ತು.

ಮುಳುಗಡೆ ಮನೆ
ನಾನೂ ಬರೀತೀನಿ. ನಮ್ಮಜ್ಜ 1964ಕ್ಕೆ ಮೊದ್ಲು ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರ್ತದೆ ಅಂತ ಎತ್ತಿನಗಾಡಿ, ಲಾರಿ ಮೇಲೆ ಸಾಮಾನು ಹಾಕ್ಕೊಂಡು ಎದ್ದು ಬಂದೋರು. ಕಾಡಲ್ಲಿ ತಂದು ಬಿಟ್ರು, ಕಡಿದು ಗದ್ದೆ ಮಾಡ್ಕೊಂಡ್ವಿ. ಈಗ ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ್ರೆ ಪಾರಂಪರಿಕ ಅರಣ್ಯವಾಸಿ ಅಂತ ಮೂರು ತಲೆಮಾರು, ಅಂದ್ರೆ 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ ಇದ್ದಿದ್ದಕ್ಕೆ ದಾಖಲೆ ಕೊಡಿ ಅಂತಾರೆ. 75 ವರ್ಷದ ನಮ್ಮ ದಾಖಲೆ ನೀರಿನಡಿ ಇದೆ. ಸರ್ಕಾರ ನಮಗೆ ಅಂತ ಡಿನೋಟಿಫೈ ಮಾಡಿದ (ಅರಣ್ಯ ಅಲ್ಲ ಅಂತ ಬಿಡಿಸಿದ) ಅರಣ್ಯ ಭೂಮಿ ಕೇಂದ್ರದ ಅನುಮತಿ ತಗೊಂಡಿಲ್ಲ ಅಂತ 2021ರಲ್ಲಿ ಹೈಕೋರ್ಟಲ್ಲಿ ರದ್ದಾಯ್ತು. ಅದಕ್ಕೇ ನಂಗೆ ಕೋರ್ಟು ಅಂದ್ರೂ ಭಯ, ಸಭೆ ಅಂದ್ರೂ ನಂಬಿಕೆ ಬರಲ್ಲ.

ಸೊಪ್ಪಿನಬೆಟ್ಟ
ನಿಮ್ಮ ನೋವು ಅರ್ಥ ಆಗ್ತದೆ. ಆದ್ರೆ ಆ ರದ್ದಾಗಿದ್ದರಲ್ಲಿ ಕೋರ್ಟಿನ ತಪ್ಪಿಗಿಂತ ಅನುಮತಿ ಕೇಳದೆ ಆದೇಶ ಮಾಡಿ ಕೈತೊಳ್ಕೊಂಡವರ ತಪ್ಪು ದೊಡ್ಡದು. ಬೇರೆ ಊರಿನವರಿಗೆ ಉಪಯೋಗ ಆಗ್ಲಿ ಅಂತ ಹೇಳ್ತೀನಿ, ದಾಖಲೆ ಅಂದ್ರೆ ಕಾಗದ ಮಾತ್ರ ಅಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡ್ರೆ ಅದೂ ಸಾಕ್ಷಿ, ಹಳೇ ಬಾವಿ, ಸಮಾಧಿ, ದೇವರ ಬನ ಇವೂ ಸಾಕ್ಷಿ, ನಿಯಮ 13ರಲ್ಲಿದೆ. ತಿರಸ್ಕಾರ ಆದ್ರೆ ಮೇಲಿನ ಸಮಿತಿಗೆ 60 ದಿನದಲ್ಲಿ ಹೋಗಬಹುದು. ಒಡಿಶಾದ ನಿಯಮಗಿರಿಲಿ 2013ರಲ್ಲಿ 12 ಗ್ರಾಮಸಭೆ ಕೂತು, ಗುಡ್ಡದಲ್ಲಿ ಬಾಕ್ಸೈಟ್ ಗಣಿ ಬೇಡ ಅಂತ 12ಕ್ಕೆ 12ನೂ ಹೇಳಿದ್ವು. ಸಭೆ ಕರೀರಿ ಅಂತ ಹೇಳಿದ್ದು ಸುಪ್ರೀಂ ಕೋರ್ಟೇ. ಹಂಗಾಗಿ ಎರಡನ್ನೂ ಎದುರಾಳಿ ಮಾಡಬೇಡಿ.

ತುಂಗಾತೀರ
ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ನೋಡಿ, 2025ರ ಜುಲೈ 14ಕ್ಕೆ ಓಪನ್ ಆಯ್ತು. ತುಮರಿ ಕಡೆ ಜನ ಎಷ್ಟು ವರ್ಷ ಕೇಳಿದ್ರು.

ಮುಳುಗಡೆ ಮನೆ
1964ರಿಂದ ಲೆಕ್ಕ ಹಾಕಿ, 61 ವರ್ಷ. ಲಾಂಚ್ ಕಾಯ್ತಾ ಕಾಯ್ತಾ ಹೆರಿಗೆ ಆದೋರಿದಾರೆ. ಅದನ್ನ ಗೆಲುವು ಅಂತ ಹೇಳಕ್ಕೆ ನಂಗೆ ಬಾಯಿ ಬರಲ್ಲ.

ಹಳ್ಳದಾಚೆಮನೆ
ಎಲ್ರಿಗೂ ತುಂಬಾ ಧನ್ಯವಾದ. ಕಾರ್ಯದರ್ಶಿ ಸಾರ್ ಹೇಳಿದ 3(2) ನಮ್ಮ ಪಿಡಿಒಗೆ ತೋರಿಸಿದ್ವಿ, ಓದಿ, ಸಭೆ ಕರಿಯಣ ಅಂದ್ರು. ಊರಲ್ಲಿ ವಯಸ್ಕರು 118 ಜನ, 59 ಬೇಕು. ಮೊದಲ ಸಭೆ ಬೆಳಿಗ್ಗೆ 11ಕ್ಕೆ ಇಟ್ಟಿದ್ವಿ, ಬಂದಿದ್ದು 37. ನಾಟಿ ಟೈಮು. ಹೆಂಗಸರು ಒಂಬತ್ತೇ ಜನ.

ಇನ್ನೊಂದು ಹೇಳ್ಬೇಕು, ಹೇಳದಿದ್ರೆ ತಪ್ಪಾಗ್ತದೆ. ಸಂಕ ಎಲ್ಲಿ ಹಾಕದು ಅನ್ನೋದ್ರಲ್ಲೇ ಊರು ಎರಡಾಗಿದೆ. ಮೇಲಿನ ಕಡೆ ತೋಟದ ಮನೆಯವರು ತಮ್ಮ ಗೇಟಿನ ಹತ್ರ ಆಗ್ಲಿ, ಜೀಪು ನಿಲ್ಲಿಸಕ್ಕೆ ಜಾಗ ಇದೆ ಅಂತಾರೆ. ಕೆಳಗೆ ಕೇರಿಲಿ ಏಳು ಮನೆ ಇದೆ, ಶಾಲೆಗೆ ಹೋಗೋ 11 ಮಕ್ಕಳಲ್ಲಿ ಎಂಟು ಮಕ್ಕಳು ಅಲ್ಲಿಯವರೇ. ಮೇಲೆ ಹಾಕಿದ್ರೆ ಆ ಮಕ್ಕಳು ಒಂದು ಮೈಲಿ ಸುತ್ತಿ ಬರ್ಬೇಕು. ಕೇರಿಯವರು ಸಭೆಲಿ ಒಂದು ಮಾತೂ ಆಡ್ಲಿಲ್ಲ.

ಬಾಳೆಬರೆ ಬಸ್ಸು
ಹೆಂಗೆ ಆಡ್ತಾರೆ? ನಾಳೆ ಅಡಿಕೆ ಕೊನೆ ಕೊಯ್ಲಿಗೆ ಅವರ ತೋಟಕ್ಕೇ ಕೂಲಿಗೆ ಹೋಗ್ಬೇಕಲ್ಲ. ಸಭೆ ಎಲ್ಲಿ ಮಾಡಿದ್ರಿ?

ಹಳ್ಳದಾಚೆಮನೆ
ಮೇಲಿನ ಮನೆ ಅಂಗಳದಲ್ಲಿ. ಚಪ್ಪರ ಇತ್ತು ಅಂತ.

ಬಾಳೆಬರೆ ಬಸ್ಸು
ಅಲ್ಲೇ ತಪ್ಪಾಗಿದ್ದು. ಅಜ್ಜ ಹೇಳಿದ್ರಲ್ಲ ಕೊಳಗ ಒಡೆಯರದ್ದೇ ಆಗಿತ್ತು ಅಂತ. ಅಂಗಳನೂ ಹಂಗೆ.

ಕಾಯಕಬಂಧು ಅಕ್ಕ
ತಂಗಿ, ಸಭೆ ಸಂಜೆ ಐದರ ಮೇಲೆ ಇಡಿ, ಕೆಲಸ ಬಿಟ್ಟು ಬಂದು ಕೈಕಾಲು ತೊಳ್ಕೊಂಡು ಬರ್ತಾರೆ. ಅಂಗನವಾಡಿಲಿ ಮಾಡಿ, ಯಾರ ಮನೆಲೂ ಬೇಡ. ಸಭೆಗೆ ಮುಂಚೆ ಎರಡು ದಿನ ನೀವೇ ಕೇರಿಗೆ ಹೋಗಿ ಕೂತು ಮಾತಾಡಿ, ಟೀಚರನ್ನೂ ಆಶಾ ಕಾರ್ಯಕರ್ತೆನೂ ಕರ್ಕೊಂಡು ಹೋಗಿ. ಸಭೆಲಿ ಎಲ್ಲಿ ಬೇಕು ಅಂತ ಸುಮ್ನೆ ಕೇಳ್ಬೇಡಿ. ಯಾವ ಮನೆಯಿಂದ ಎಷ್ಟು ಮಕ್ಕಳು ದಾಟ್ತಾರೆ, ಎಷ್ಟು ವಯಸ್ಸಾದೋರು ದಾಟ್ತಾರೆ ಅಂತ ಮೊದ್ಲು ಬರ್ಕೊಂಡು ಬಂದು ಅದನ್ನ ಓದಿ. ಲೆಕ್ಕ ಓದಿದ್ರೆ ಯಾರೂ ಜಗಳಕ್ಕೆ ಬರಲ್ಲ.

ಗಾಜನೂರು ಗಾಳಿ
ಅಕ್ಕ ಹೇಳಿದ್ದು ಸರಿ ಅನ್ನಿಸ್ತಿದೆ. ನಾನೂ ನಮ್ಮ ಕೆರೆದು ಹಳೇ ಠರಾವಿನ ನಕಲಿಗೆ ಅರ್ಜಿ ಕೊಟ್ಟೆ ಇವತ್ತು.

ಕಾಡುಕೋಣ
ಎಲ್ಲಾ ಸರಿ, ಆದ್ರೆ 3(2) ಹೆಸರಲ್ಲಿ ಕಾಡೊಳಗೆಲ್ಲ ಕಾಂಕ್ರೀಟ್ ರೋಡ್ ಆಗದು ಬೇಡ. ಒಂದು ಸಂಕ ಅಂತ ಶುರುವಾಗಿ ರೆಸಾರ್ಟಿಗೆ ದಾರಿ ಆಗಿದ್ದು ನೋಡಿದೀನಿ.

ಸೊಪ್ಪಿನಬೆಟ್ಟ
ಒಪ್ತೀನಿ. ಅದಕ್ಕೇ ಠರಾವಿನಲ್ಲಿ ಅಗಲ ಬರೆದುಬಿಡಿ, ಕಾಲುಸಂಕ, ನಡೆಯುವವರಿಗೆ ಮತ್ತು ಬೈಕಿಗೆ ಮಾತ್ರ ಅಂತ. ಊರಿನವರೇ ಬರೆದ್ರೆ ಆಮೇಲೆ ಯಾರೋ ಬಂದು ಅಗಲ ಮಾಡ್ತೀವಿ ಅಂದ್ರೂ ಮತ್ತೆ ಅದೇ ಸಭೆ ಮುಂದೆ ಬರ್ಬೇಕು.

ಹಳ್ಳದಾಚೆಮನೆ
ಎರಡನೇ ಸಭೆ ಆಯ್ತು, ಅಂಗನವಾಡಿಲಿ, ಸಂಜೆ ಐದೂವರೆಗೆ. ಮಳೆ ಹೊಡೀತಾ ಇತ್ತು, ಆದ್ರೂ 71 ಜನ ಬಂದ್ರು, 33 ಹೆಂಗಸರು. ಟೀಚರ್ ಹಾಜರಾತಿ ಪುಸ್ತಕ ತಂದು ಹೋದ ವರ್ಷ ಜುಲೈ ಆಗಸ್ಟಲ್ಲಿ ಯಾವ್ಯಾವ ಮಗು ಎಷ್ಟು ದಿನ ಬಂದಿಲ್ಲ ಅಂತ ಓದಿದ್ರು. ಓದಿ ಮುಗಿದ ಮೇಲೆ ಕೇರಿಯ ಒಬ್ಬ ಅಮ್ಮ ಎದ್ದು, ನನ್ ಮಗಳು ಏಳನೇ ಕ್ಲಾಸ್ ಪಾಸಾಗಿದಾಳೆ, ಹೈಸ್ಕೂಲಿಗೆ ಹಾಕ್ಲಾ ಬೇಡ್ವಾ ನೀವೇ ಹೇಳಿ ಅಂತ ಮೇಲಿನ ಮನೆ ಯಜಮಾನರನ್ನೇ ಕೇಳಿದ್ರು. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಕೆಳಗೇ ಆಗ್ಲಿ ಅಂದ್ರು. ಕೆಳಗಿನ ದಾಟು ಅಂತ ಠರಾವಾಯ್ತು, ಸಹಿ, ಹೆಬ್ಬೆಟ್ಟು ಎಲ್ಲ ಆಯ್ತು. ನಕಲು ತಗೊಂಡು ಪಂಚಾಯ್ತಿಲೂ ರೇಂಜ್ ಆಫೀಸಲ್ಲೂ ಕೊಟ್ಟು ಸೀಲು ಹಾಕ್ಸಿದೀವಿ. ಮೊನ್ನೆ ರೇಂಜರ್ ಬಂದು ಟೇಪು ಹಿಡಿದು ಅಳೆದ್ರು, ಮೂರು ಮರ ಹೋಗ್ತದೆ ಅಂತ ಬರ್ಕೊಂಡ್ರು. ಫೈಲ್ ಈಗ ಡಿಎಫ್ಓ ಹತ್ರ ಇದೆ. ಪಿಐಎಲ್‌ಗೆ ಅಂತ ಎತ್ತಿದ ದುಡ್ಡಲ್ಲಿ ಈ ಮಳೆಗಾಲಕ್ಕೆ ಮರದ ಸಂಕನೇ ಗಟ್ಟಿ ಮಾಡಿ ಎರಡೂ ಕಡೆ ಹಗ್ಗ ಕಟ್ಟಿದೀವಿ.

ನಿವೃತ್ತ ಕಾರ್ಯದರ್ಶಿ
ಬಹಳ ಸಂತೋಷ ಆಯ್ತಮ್ಮ. ಒಂದು ತಿಂಗಳು ನೋಡಿ, ಉತ್ತರ ಬರದಿದ್ರೆ ಡಿಸಿ ಆಫೀಸಿಗೆ ನೆನಪೋಲೆ ಕೊಡಿ, ಠರಾವಿನ ನಕಲು ಲಗತ್ತಿಸಿ.

ಮುಳುಗಡೆ ಮನೆ
ಅಕ್ಕ ಆ ಠರಾವು ಹೆಂಗೆ ಬರೆದ್ರಿ, ಒಂದು ಪ್ರತಿ ಹಾಕ್ತೀರಾ? ನಮ್ಮ ಕೇರಿಗೆ ಕುಡಿಯೋ ನೀರಿನ ಪೈಪು ಕಾಡು ದಾಟಿ ಬರ್ಬೇಕು.

ಹಳ್ಳದಾಚೆಮನೆ
ಖಂಡಿತ. ಪೂರ್ತಿ ಎರಡು ಪುಟ ಇದೆ, ಟೈಪ್ ಮಾಡಿ ನಾಳೆ ಬೆಳಿಗ್ಗೆ ಹಾಕ್ತೀನಿ. ಮಧ್ಯಾಹ್ನದಿಂದ ಕರೆಂಟಿಲ್ಲ, ಮೊಬೈಲಲ್ಲಿ 6% ಇದೆ ಈಗ.